ರಂಭೆಯ ಹೊಸ ಹೆಜ್ಜೆ

ಕುಣಿಯುವ ನಾಯಿಗಳ ಸ್ಪರ್ಧೆಯಲ್ಲಿ ರಂಭೆ ಹಾಡಿನ ಎರಡನೇ ಚರಣದವರೆಗೂ ಒಂದು ಹೆಜ್ಜೆಯೂ ತಪ್ಪಲಿಲ್ಲ. ಆಗ ಕಿವಿಯ ಹಿಂದೆ ಚಿಗಟ ಕಚ್ಚಿತು.

"ಮಾರಾಯಾ, ಹಾಡು ಮುಗಿಯಲಿ," ಎಂದಳು ರಂಭೆ.

"ನನ್ನ ಹಸಿವು ತಾಳಕ್ಕೆ ಕಾಯುವುದಿಲ್ಲ," ಎಂದಿತು ಚಿಗಟ.

ಬಹುಮಾನ ಹೋದರೆ ಹೋಗಲಿ ಎಂದು ರಂಭೆ ಹಿಂಗಾಲೆತ್ತಿ ಪರಪರ ಕೆರೆದುಕೊಂಡಳು. ಇಂಥ ಹೆಜ್ಜೆಯನ್ನು ಕಂಡೇ ಇರದ ತೀರ್ಪುಗಾರರು ಎದ್ದು ನಿಂತು ಚಪ್ಪಾಳೆ ತಟ್ಟಿ ಮೊದಲ ಬಹುಮಾನ ಕೊಟ್ಟರು.

ಆ ಸಂಭ್ರಮಕ್ಕೆ ಯಜಮಾನಿ ಔಷಧದ ಸೋಪು ಹಚ್ಚಿ ರಂಭೆಗೆ ಸ್ನಾನ ಮಾಡಿಸಿದರು. ಚಿಗಟ ಪಕ್ಕದ ಮನೆಯ ನಾಯಿಗೆ ಹಾರಿತು.

ಮರುವಾರ ಕುಣಿತದ ತರಗತಿಯ ನಾಯಿಗಳಿಗೆಲ್ಲ ಕೆರೆತದ್ದೇ ಪಾಠ. ರಂಭೆಯ ಕೆರೆತದಲ್ಲಿ ಮಾತ್ರ ಜೀವವಿಲ್ಲವೆಂದು ಬೈಗುಳ ಬಿತ್ತು. ಅವಳು ಅದೇ ಪಕ್ಕದ ಮನೆಯ ನಾಯಿಯ ಕಿವಿಯತ್ತ ಬಾಗಿ, "ಗುರುಗಳೇ, ವಾಪಸು ಬನ್ನಿ," ಎಂದಳು.

"ಸರದಿಯಲ್ಲಿ ನಿಲ್ಲು ತಾಯಿ," ಎಂದಿತು ಚಿಗಟ. "ಈ ಶಿಷ್ಯನ ಪಾಠ ಅರ್ಧಕ್ಕೆ ಬಂದಿದೆ."