ಥರ್ಡ್ ಪಾರ್ಟಿ ಗ್ರಿಪ್ಪು ತರಲು ಹೋದ ಓಬಳೇಶ

ಚಳ್ಳಕೆರೇಲಿ ಪಾಲಮ್ಮ ಅಂತ ಒಬ್ಬಳಿದ್ದಳು. ಗಂಡ ಹೋದ ಮೇಲೆ ಅವನ ಫೋಟೋ ಸ್ಟುಡಿಯೋನ ತಾನೇ ನಡೆಸ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕ್ಯಾಮರಾ ಕೊರಳಿಗೆ ಹಾಕ್ಕೊಂಡು ಮಂಟಪದ ಮುಂದೆ ನಿಂತಳು ಅಂದ್ರೆ ಪುರೋಹಿತರೂ ಪಕ್ಕಕ್ಕೆ ಸರಿಯೋರು. ಅಂಥವಳ ಹೊಟ್ಟೇಲಿ ಹುಟ್ಟಿದೋನು ಓಬಳೇಶ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರೀಲಿತ್ತು. ಹಂಗಂತ ಕೆಟ್ಟೋನಲ್ಲ. ಅವ್ವ ಹೇಳಿದ್ದನ್ನ ಒಂದಕ್ಷರ ಬಿಡದೆ ಮಾಡೋನು. ಕಷ್ಟ ಬಂದಿದ್ದೇ ಅಲ್ಲಿ!

ಪಾಲಮ್ಮ ಹೊಸದಾಗಿ ಮಿರರ್‌ಲೆಸ್ ಕ್ಯಾಮರಾ ತಂದಳು. "ನೋಡೋ ಮಗ, ಇದರೊಳಗೆ ಕನ್ನಡಿ ಇಲ್ಲ" ಅಂದಳು. ಅಯ್ಯೋ ಪಾಪ ಅನ್ನಿಸ್ತು ಓಬಳೇಶನಿಗೆ. ಬಚ್ಚಲ ಕನ್ನಡಿ ಬಿಚ್ಚಿ ತಂದು ದಾರದಲ್ಲಿ ಕ್ಯಾಮರಾಕ್ಕೆ ಕಟ್ಟಿಬಿಟ್ಟ. "ಈಗ ಇದೆ ಕಣವ್ವ!" ಅಂದ. ಪಾಲಮ್ಮ ಹಣೆ ಹಣೆ ಚಚ್ಚಿಕೊಂಡಳು.

ಆ ಕ್ಯಾಮರಾ ಹಗುರ, ಫೋಟೋನೂ ಚೆಂದ. ಬ್ಯಾಟರಿ ಮಾತ್ರ ಎಳೆಮಗು ಥರ ಗಳಿಗೆಗೊಂದು ಸಲ ಅಳೋದು. ಒಂದು ಮದುವೇಲಿ ಸರಿಯಾಗಿ ತಾಳಿ ಕಟ್ಟೋ ಹೊತ್ತಿಗೆ ಕಣ್ಣು ಮುಚ್ಚಿಬಿಡ್ತು. ಊರೆಲ್ಲ ಅದೇ ಮಾತು. ಈಗ ನೋಡಿದ್ರೆ ಭಾನುವಾರ ಎಣ್ಣೆ ಮಿಲ್ಲಿನ ತಿಪ್ಪೇರುದ್ರಪ್ಪನ ಮಗಳ ಮದುವೆ. "ಪಾಲಮ್ಮ, ನನ್ನ ಮಗಳ ತಾಳಿ ಫೋಟೋ ತಪ್ಪಿತೋ, ನಿನ್ನ ಸ್ಟುಡಿಯೋ ಬೋರ್ಡು ನಾನೇ ಇಳಿಸ್ತೀನಿ!" ಅಂದಿದ್ದ ಅವನು.

ಅದಕ್ಕೊಂದು ಮದ್ದಿತ್ತು. ಬ್ಯಾಟರಿ ಗ್ರಿಪ್ಪು. ಕ್ಯಾಮರಾದ ತಳಕ್ಕೆ ತಿರುಪಿ ಕೂರಿಸಿದ್ರೆ ಒಳಗೆ ಎರಡು ಬ್ಯಾಟರಿ ಹಿಡೀತವೆ, ಹಿಡ್ಕೊಳ್ಳೋಕೂ ಕೈತುಂಬ ಆಗ್ತದೆ. ತಾನೇ ಹೋಗೋಣ ಅಂದ್ರೆ ಪಾಲಮ್ಮನಿಗೆ ಮೂರು ಆಲ್ಬಮ್ಮಿನ ಕೆಲಸ. ಮಗನ್ನ ಕರೆದಳು.

"ಓಬಳೇಶ, ಚಿತ್ರದುರ್ಗಕ್ಕೆ ಹೋಗಿ ಗ್ರಿಪ್ಪು ತಾ. ಕಂಪನೀದು ಬೇಡಪ್ಪ, ಆನೆ ಬೆಲೆ. ಥರ್ಡ್ ಪಾರ್ಟೀದು ತಾ. ಅಗ್ಗ."

"ಥರ್ಡ್ ಪಾರ್ಟೀದು!" ಅಂದ ಓಬಳೇಶ. ಬಸ್ಸಲ್ಲೆಲ್ಲ ಅದನ್ನೇ ಬಾಯಿಪಾಠ ಮಾಡಿದ. ಥರ್ಡ್ ಪಾರ್ಟಿ, ಥರ್ಡ್ ಪಾರ್ಟಿ.

ಇಳಿದ. ಎದುರಿಗೇ ಒಂದು ಪಾರ್ಟಿ ಆಫೀಸು. "ಅಣ್ಣಾ, ನಿಮ್ಮದು ಎಷ್ಟನೇ ಪಾರ್ಟಿ?"

"ನಮ್ಮದೇ ಫಸ್ಟು!"

"ಹಂಗಾದ್ರೆ ಬೇಡ." ಮುಂದಕ್ಕೆ ಹೋದ. ಇನ್ನೊಂದು ಆಫೀಸು.

"ಹೋದ ಸಲ ಸೆಕೆಂಡು ಬಂದ್ವಿ. ಈ ಸಲ ನೋಡ್ತಿರು!"

"ನಿಮ್ಮದೂ ಬೇಡ."

ಮೂಲೇಲಿ ಒಂದು ತಗಡಿನ ಶೆಡ್ಡು. ಒಳಗೊಬ್ಬ ಮುದುಕಪ್ಪ ಬಾವುಟ ಹೊದ್ದು ತೂಕಡಿಸ್ತಿದ್ದ. "ತಾತಾ, ನೀವು ಥರ್ಡಾ?"

"ಡಿಪಾಜಿಟ್ಟು ಹೋಯ್ತು. ಆದ್ರೂ ಥರ್ಡೇ!"

"ಸಿಕ್ಕಿದ್ರಿ! ಗ್ರಿಪ್ಪು ಕೊಡಿ."

"ಗ್ರಿಪ್ಪಾ?" ಮುದುಕಪ್ಪನ ಕಣ್ಣಲ್ಲಿ ನೀರು ಬಂತು. "ಈ ಜಿಲ್ಲೇಲಿ ನಮಗೆ ಗ್ರಿಪ್ಪೇ ಇಲ್ಲ ಕಣಪ್ಪಾ! ನೀನಾದ್ರೂ ಬಾ!" ಅಂದೋನೇ ಹೆಗಲಿಗೆ ಶಾಲು ಹಾಕಿದ, ಕೈಗೆ ಬಾವುಟ ಕೊಟ್ಟ, ತಾಲ್ಲೂಕು ಯುವ ಅಧ್ಯಕ್ಷ ಅಂತ ಚೀಟಿ ಬರ್ಕೊಟ್ಟ.

ಮನೆ ಮುಂದೆ ಬಾವುಟ ಹಿಡಿದು ನಿಂತ ಮಗನ್ನ ಕಂಡು ಪಾಲಮ್ಮ ಅದನ್ನ ಕಿತ್ಕೊಂಡಳು. "ಪಾರ್ಟಿ ಅಂದ್ರೆ ಆ ಪಾರ್ಟಿ ಅಲ್ವೋ ಪೆದ್ದೇ! ಬೇರೆ ಯಾರೋ ಮಾಡಿದ ಮಾಲು ಅಂತ! ಕ್ಯಾಮರಾ ಅಂಗಡಿ ಖಲಂದರ್ ಸಾಹೇಬ್ರ ಹತ್ರ ಹೋಗು. ಅಗ್ಗದ್ದು ಅಂದ ಮೇಲೆ ಸುಮ್ಮನೆ ತರಬಾರದು. ಗಟ್ಟಿಯಾಗಿ ಹಿಡಿದು ಅಲ್ಲಾಡಿಸು. ಲಟಲಟ ಅಂತೋ, ಬೇಡ ಅನ್ನು!"

"ಆಗ್ಲವ್ವ."

ಮಾರನೇ ದಿನ ಹೋದ. ಖಲಂದರ್ ಸಾಹೇಬ್ರು ವಯಸ್ಸಾದೋರು, ಮರ್ಯಾದಸ್ಥರು. "ಬಾ ಮಗಾ, ಕೂತ್ಕೋ" ಅಂದ್ರು. ಓಬಳೇಶ ಕೂರಲಿಲ್ಲ. ಅವರ ಎರಡೂ ಭುಜ ಗಟ್ಟಿಯಾಗಿ ಹಿಡಿದ. ಅಲ್ಲಾಡಿಸಿದ! ಸಾಹೇಬ್ರ ಕಟ್ಟಿಸಿದ ಹಲ್ಲು ಲಟಲಟ, ಲಟಲಟ!

"ಬೇಡ!" ಅಂದು ಓಬಳೇಶ ಬಸ್ಸು ಹತ್ತಿಬಿಟ್ಟ.

"ಅವ್ವ, ಆ ಸಾಹೇಬ್ರು ಸರಿಯಿಲ್ಲ. ಲಟಲಟ ಅಂತಾರೆ."

"ಅಯ್ಯೋ ನನ್ನ ಕರ್ಮವೇ!" ಪಾಲಮ್ಮ ಫೋನು ಹಿಡಿದು ಸಾಹೇಬ್ರಿಗೆ ಕೈಮುಗಿದು ತಪ್ಪಾಯ್ತು ಅಂದಳು, ಕ್ಯಾಮರಾ ಮಾಡೆಲ್ ನಂಬರೂ ಹೇಳಿದಳು. ಆಮೇಲೆ ಮಗನ ಕಡೆ ತಿರುಗಿದಳು. "ಇನ್ಮೇಲೆ ಕೈ ಹಚ್ಚಬೇಡ! ಕಣ್ಣಲ್ಲಿ ನೋಡು. ಅಂಗಡೀಲಿರೋ ಅಂಥದೇ ಕ್ಯಾಮರಾ, ಗ್ರಿಪ್ಪು, ಎರಡನ್ನೂ ಪಕ್ಕಪಕ್ಕ ನಿಲ್ಲಿಸು, ಉದ್ದ ನೋಡು, ಅಗಲ ನೋಡು. ಸರಿಬರಲಿಲ್ವೋ, 'ಇದು ಹೊಂದಲ್ಲ, ವಾಪಸ್ ಇಟ್ಕೊಳ್ಳಿ' ಅಂತ ಬಾಯಿಬಿಟ್ಟು ಹೇಳು. ಹಂಗೇ ಹೋಗ್ತಾ ತಿಪ್ಪೇರುದ್ರಪ್ಪನ ಮನೆಗೆ ಈ ಫೋಟೋ ಕವರ್ ಕೊಟ್ಟು ಹೋಗು."

ತಿಪ್ಪೇರುದ್ರಪ್ಪನ ಪಡಸಾಲೆ ತುಂಬ ಬೀಗರು. ಮದುವೆ ಹುಡುಗ ಬಂದಿದ್ದ, ಕರೆಂಟ್ ಕಂಬದಷ್ಟು ಉದ್ದ. ಹುಡುಗಿ ಸ್ಫೂರ್ತಿ ಅವನ ಮೊಣಕೈಗೆ ಬರೋಳು. ಹಾರ ಅಳತೆ ನೋಡೋಕೆ ಅಂತ ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿದ್ರು.

ಪಕ್ಕಪಕ್ಕ! ಓಬಳೇಶ ಉದ್ದ ನೋಡಿದ. ಅಗಲ ನೋಡಿದ. ಸುತ್ತ ಒಂದು ಸುತ್ತು ಬಂದ. ಕೈ ಹಚ್ಚಲಿಲ್ಲ.

"ಹೆಂಗಿದ್ಯೋ ಜೋಡಿ?" ಅಂದ ತಿಪ್ಪೇರುದ್ರಪ್ಪ ಮೀಸೆ ತಿರುವಿ.

ಓಬಳೇಶ ಹುಡುಗನ ಅಪ್ಪನ ಕಡೆ ತಿರುಗಿದ. "ಇದು ಹೊಂದಲ್ಲ. ವಾಪಸ್ ಇಟ್ಕೊಳ್ಳಿ!"

ಬೀಗಿತಿ ಕೈಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ತಿಪ್ಪೇರುದ್ರಪ್ಪನ ಮುಖ ಮೆಣಸಿನಕಾಯಿ ಆಯ್ತು. ಅಷ್ಟರಲ್ಲಿ ಸ್ಫೂರ್ತಿ ಕಿಸಕ್ ಅಂದಳು. "ಸ್ಟೂಲು ಹಾಕ್ಕೊಂಡು ಹೊಂದಿಸ್ಕೊಳ್ತೀನಿ ಬಿಡಣ್ಣ!" ಅಂದಳು. ಹುಡುಗನಿಗೂ ನಗು ತಡೀಲಿಲ್ಲ. ಅಲ್ಲೀವರೆಗೂ ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದ ಇಬ್ಬರೂ ಗೋಡೆ ಹಿಡ್ಕೊಂಡು ನಕ್ಕರು. ಹಂಗಾಗಿ ಮದುವೆ ಉಳೀತು, ಓಬಳೇಶನ ಬೆನ್ನೂ ಉಳೀತು.

ಪಾಲಮ್ಮನ ಬಾಯಿಂದ ಮಾತ್ರ ಉಳೀಲಿಲ್ಲ. "ಜೋಡಿ ಕಂಡಾಗ ಹಂಗಂತಾರೇನೋ ಮುಠ್ಠಾಳ! 'ಬಲು ಚೆಂದದ ಜೋಡಿ, ನೂರು ಕಾಲ ಬಾಳಲಿ' ಅಂತ ಅಕ್ಷತೆ ಹಾಕಬೇಕು!"

ಅಷ್ಟು ಹೇಳಿ ಅತ್ತುಬಿಟ್ಟಳು. ಆ ಗಲಾಟೇಲಿ ದುರ್ಗದ ಬಸ್ಸೂ ತಪ್ಪಿತ್ತು. ನಾಡಿದ್ದೇ ಮದುವೆ, ಗ್ರಿಪ್ಪಿಲ್ಲ. ಅವ್ವ ಅತ್ತಿದ್ದು ಕಂಡು ಓಬಳೇಶ ತನ್ನ ಟವೆಲ್ಲಲ್ಲಿ ಅವಳ ಕಣ್ಣೊರೆಸಿದ. ಈ ಸಲ ತಪ್ಪು ಮಾಡಲ್ಲ ಅಂತ ಜೇಬಿಗೆ ಒಂದು ಹಿಡಿ ಅಕ್ಷತೆ ಹಾಕ್ಕೊಂಡೇ ಹೊರಟ.

ಅವನು ಬಂದಿದ್ದು ಕಂಡು ಖಲಂದರ್ ಸಾಹೇಬ್ರು ಹಲ್ಲು ಹಿಡ್ಕೊಂಡು ಬೀರುವಿನ ಹಿಂದೆ ನಿಂತ್ರು. ಅಲ್ಲಿಂದಲೇ ಗ್ರಿಪ್ಪು ಮುಂದಕ್ಕೆ ತಳ್ಳಿದ್ರು. "ನಿಮ್ಮವ್ವ ಹೇಳಿದ ಮಾಡೆಲ್ಲಿಗೇ ಮಾಡಿದ್ದು. ಆರು ತಿಂಗಳು ವಾರಂಟಿ. ಇಗೋ, ಇದಕ್ಕೆ ಬ್ಯಾಟರಿ ಜೋಡಿ."

"ಜೋಡಿ!" ಓಬಳೇಶ ನೆಟ್ಟಗೆ ನಿಂತ. ಜೇಬಿಗೆ ಕೈ ಹಾಕಿದ. "ಬಲು ಚೆಂದದ ಜೋಡಿ! ನೂರು ಕಾಲ ಬಾಳಲಿ!" ಅಂತ ಬ್ಯಾಟರಿಗಳ ಮೇಲೆ ಅಕ್ಷತೆ ಎರಚಿದ.

ಸಾಹೇಬ್ರು ನಕ್ಕು ನಕ್ಕು ಹಲ್ಲು ತೆಗೆದು ಮೇಜಿನ ಮೇಲಿಟ್ರು. "ನಲವತ್ತು ವರ್ಷದಲ್ಲಿ ನನ್ನ ಮಾಲಿಗೆ ಯಾರೂ ಇಂಥಾ ಆಶೀರ್ವಾದ ಮಾಡಿರಲಿಲ್ಲಪ್ಪಾ!" ಅಂದು ರೇಟೂ ಇಳಿಸಿದ್ರು, ಒಂದು ಒರೆಸೋ ಬಟ್ಟೇನೂ ಕೊಟ್ರು.

ಪಾಲಮ್ಮ ಗ್ರಿಪ್ಪಿನೊಳಗಿನ ಅಕ್ಕಿಕಾಳು ಕೊಡವಿ ಕ್ಯಾಮರಾಕ್ಕೆ ತಿರುಪಿದಳು. ಕೂತಿತು! ಅಲ್ಲಾಡಿಸಿದಳು. ಲಟ ಅನ್ನಲಿಲ್ಲ. ಕ್ಯಾಮರಾ ಅಡ್ಡ ಹಿಡಿದು ನೋಡಿದಳು, ಉದ್ದ ಹಿಡಿದು ನೋಡಿದಳು, ಗುಂಡಿ ಒತ್ತಿದಳು. ಕ್ಲಿಕ್ಕು! "ನನ್ನ ಬಂಗಾರ!" ಅಂತ ಮಗನ ಕೆನ್ನೆ ಹಿಂಡಿದಳು. ಓಬಳೇಶ ಆವತ್ತು ಎರಡು ಮುದ್ದೆ ಜಾಸ್ತಿ ಉಂಡ.

ಭಾನುವಾರ ಗಟ್ಟಿಮೇಳ, ತಾಳಿ, ಅಕ್ಷತೆ, ಒಂದೂ ತಪ್ಪಲಿಲ್ಲ. ಸ್ಫೂರ್ತಿ ನಿಜವಾಗಲೂ ಸ್ಟೂಲು ಹತ್ತಿ ಹಾರ ಹಾಕಿದಳು, ಅದೂ ಫೋಟೋದಲ್ಲಿ ಬಂತು. ತಿಪ್ಪೇರುದ್ರಪ್ಪ ಅಷ್ಟು ಜನದೆದುರಿಗೆ "ಭೇಷ್ ಪಾಲಮ್ಮ!" ಅಂದ.

ಕೊನೆಗೆ ಉಳಿದಿದ್ದು ಮನೆಮಂದಿಯೆಲ್ಲ ಸೇರಿದ ಒಂದು ಫೋಟೋ. ಎಂಬತ್ತು ಜನ ಸ್ಟೇಜ್ ಹತ್ತಿ ಹಲ್ಲು ಕಿರಿದು ನಿಂತ್ರು. ಕ್ಯಾಮರಾದ ಕೆಂಪು ದೀಪ ಮಿಣಮಿಣ ಅಂತು. ಬೆಳಗಿಂದ ದುಡಿದು ಬ್ಯಾಟರಿಗಳು ಸುಸ್ತು.

ಪಾಲಮ್ಮ ಎರಡನ್ನೂ ಎಳೆದು ಮಗನ ಕೈಗಿಟ್ಟಳು. "ಎರಡರ ಹೊಟ್ಟೇನೂ ಖಾಲಿ ಕಣೋ! ಓಡು, ಹೊಟ್ಟೆ ತುಂಬಿಸ್ಕೊಂಡು ಬಾ! ಅರ್ಧಂಬರ್ಧ ಬೇಡ, ಪೂರ್ತಿ ತುಂಬಿಸು!"

"ಪೂರ್ತಿ ತುಂಬಿಸ್ತೀನಿ ಕಣವ್ವ!" ಓಡಿದ ಓಬಳೇಶ.

ಹತ್ತು ನಿಮಿಷ ಆಯ್ತು. ಅರ್ಧ ಗಂಟೆ ಆಯ್ತು. ಸ್ಟೇಜಿನ ಮೇಲೆ ಎಂಬತ್ತು ಜನರ ನಗು ಒಣಗಿತು. ಚಾರ್ಜರ್ ನೋಡಿದ್ರೆ ಚೀಲದಲ್ಲೇ ಇದೆ! ಪಾಲಮ್ಮ ಸೆರಗು ಬಿಗಿದು ಹುಡುಕ್ಕೊಂಡು ಊಟದ ಹಾಲಿಗೆ ನುಗ್ಗಿದಳು.

ಅಲ್ಲಿ ಪಂಕ್ತಿಯ ಕೊನೇಲಿ ಎರಡು ಬಾಳೆ ಎಲೆ. ಒಂದೊಂದು ಎಲೆ ಮುಂದೆ ಒಂದೊಂದು ಬ್ಯಾಟರಿ. ಕೋಸಂಬರಿ ಆಗಿತ್ತು, ಅನ್ನ ಸಾರು ಆಗಿತ್ತು, ಹೋಳಿಗೆ ಮೇಲೆ ತುಪ್ಪ ಬೀಳ್ತಿತ್ತು. ಬಡಿಸೋನು "ಇವರು ಯಾರ ಕಡೆಯೋರು?" ಅಂತ ಕೇಳ್ತಿದ್ದ. "ಹೆಣ್ಣಿನ ಕಡೆ. ಇನ್ನೊಂದು ಹಾಕಿ, ನಾಚ್ಕೋತವೆ" ಅಂತಿದ್ದ ಓಬಳೇಶ.

"ಓಬಳೇಶಾ! ಎತ್ಕೊಳ್ಳೋ ಅವನ್ನ!" ಕಿರುಚಿದಳು ಪಾಲಮ್ಮ.

ಓಬಳೇಶ ಎರಡೂ ಕೈ ಅಡ್ಡ ಹಿಡಿದ. "ಸುಮ್ನಿರವ್ವ! ಪಂಕ್ತಿ ಮಧ್ಯೆ ಎಬ್ಬಿಸಬಾರದು, ಪಾಪ. ಇನ್ನೂ ಮಜ್ಜಿಗೆ ಬಂದಿಲ್ಲ!"