ತಾಯಿ ಹಿಂಡಿದ ಕುರುತ್

"ಗುರುಗಳೇ, ತೀರಿಹೋದವರನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ?" ಎಂದು ಶಿಷ್ಯ ಕೇಳಿದ. ಅವನ ತಾಯಿ ಹೋಗಿ ಮೂರು ತಿಂಗಳಾಗಿತ್ತು. ಅಂದಿನಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ.

"ಕೂತುಕೋ. ಮಧ್ಯೆ ಬಾಯಿ ಹಾಕಬೇಡ," ಎಂದು ಗುರುಗಳು ಕತೆ ಶುರುಮಾಡಿದರು.

ಬಡಗಣ ದಿಕ್ಕಿನಲ್ಲಿ, ಬಹಳ ದೂರ, ಹುಲ್ಲು ಬಿಟ್ಟರೆ ಆಕಾಶ, ಆಕಾಶ ಬಿಟ್ಟರೆ ಹುಲ್ಲು ಎನ್ನುವಂಥ ನಾಡು. ಕಝಕ್ ಜನ ಕುರಿ ಕುದುರೆ ಹೊಡೆದುಕೊಂಡು ಅಲ್ಲಿ ಅಲೆಯುತ್ತಾರೆ. ಬೇಸಿಗೆಯಲ್ಲಿ ಹೆಂಗಸರು ಹುಳಿಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ, ಉಪ್ಪು ಬೆರೆಸಿ, ಮುಷ್ಟಿಯಲ್ಲಿ ಹಿಂಡಿ ಬಿಸಿಲಿಗೆ ಒಣಹಾಕುತ್ತಾರೆ. ಅದಕ್ಕೆ ಕುರುತ್ ಎನ್ನುತ್ತಾರೆ. ಒಣಗಿದ ಮೇಲೆ ಕಲ್ಲೇ ಸರಿ. ಅವಸರದಲ್ಲಿ ಕಡಿದೆಯೋ, ನಿನ್ನ ಹಲ್ಲು ನಿನ್ನ ಕೈಗೆ ಬಂದೀತು! ವರ್ಷಗಟ್ಟಲೆ ಕೆಡುವುದಿಲ್ಲ. ಹಿಂಡಿದವರ ಬೆರಳಿನ ಗುರುತು ಅದರ ಮೇಲೆ ಹಾಗೇ ಉಳಿಯುತ್ತದೆ.

ಅಲ್ಲಿ ಒಬ್ಬ ಕುರಿಗಾಹಿ. ಅವನ ತಾಯಿ ಸತ್ತಾಗ ಅವಳು ಹಿಂಡಿದ ಒಂದೇ ಒಂದು ಕುರುತ್ ಚೀಲದ ತಳದಲ್ಲಿ ಉಳಿದಿತ್ತು. ಅದನ್ನು ಅವನು ತಿನ್ನಲಿಲ್ಲ. ಮಲಗುವಾಗ ಮುಷ್ಟಿಯಲ್ಲಿ ಹಿಡಿದು, ಅವಳ ಬೆರಳಿದ್ದಲ್ಲಿ ತನ್ನ ಬೆರಳಿಟ್ಟು ಕಣ್ಣು ಮುಚ್ಚುತ್ತಿದ್ದ. ಕನಸಿನಲ್ಲಿ ತಾಯಿ ಬರುತ್ತಿದ್ದಳು. ಎದೆಮಟ್ಟದ ಹುಲ್ಲಿನಲ್ಲಿ ಸದ್ದಿಲ್ಲದೆ ನಡೆದು ಬಂದು, ಪಕ್ಕದಲ್ಲಿ ಕೂತು, ಅವನ ತಲೆ ನೇವರಿಸುತ್ತಿದ್ದಳು. ಮಾತಿಲ್ಲ, ಕತೆಯಿಲ್ಲ. ಎದ್ದಾಗ ಅವನ ಕೂದಲಲ್ಲಿ ಹುಲ್ಲಿನ ವಾಸನೆ ಇರುತ್ತಿತ್ತು. ಮೂರು ವರ್ಷ ಇದು ಒಂದು ದಿನವೂ ತಪ್ಪಲಿಲ್ಲ.

ನಾಲ್ಕನೆಯ ಚಳಿಗಾಲ ಹಿಮ ಬೀಳಲು ಹತ್ತಿದ್ದು ಎಂಟು ದಿನ ಬಿಡಲಿಲ್ಲ. ಕುರಿಗಳು ಹಿಮದಡಿ ಹೂತುಹೋದವು. ಗುಡಾರದಲ್ಲಿ ಹಿಟ್ಟು ಮುಗಿಯಿತು. ಹೆಂಡತಿ ಹೆತ್ತು ಹನ್ನೊಂದು ದಿನವಾಗಿತ್ತು, ಅವಳ ಎದೆಹಾಲು ಬತ್ತಿತು. ಕೂಸು ಅಳುವುದನ್ನೂ ನಿಲ್ಲಿಸಿತು.

"ಆ ಕುರುತ್ ಕೊಟ್ಟುಬಿಡಿ," ಎಂದಳು ಹೆಂಡತಿ.

"ಇದು ಹೋದರೆ ಅವ್ವ ಮತ್ತೆ ಬರುವುದಿಲ್ಲ ಕಣೇ," ಎಂದ ಅವನು.

ಅವಳು ಜಗಳ ತೆಗೆಯಲಿಲ್ಲ. ಕೂಸನ್ನು ಅವನ ತೊಡೆಯ ಮೇಲೆ ಮಲಗಿಸಿದಳು. ಅದಕ್ಕೆ ಭಾರವೇ ಇರಲಿಲ್ಲ.

ಅವನು ಹಿಮ ಕರಗಿಸಿ ನೀರು ಕಾಯಿಸಿದ. ಕುರುತ್ ಅದರಲ್ಲಿ ಹಾಕಿ ಕಿವುಚಿದ. ಮೊದಲು ಕಿರುಬೆರಳಿನ ಗುರುತು ಹೋಯಿತು, ಕೊನೆಗೆ ಹೆಬ್ಬೆರಳಿನದು. ನೀರು ಬೆಳ್ಳಗಾಯಿತು. ಹೆಂಡತಿ ಗುಟುಕು ಗುಟುಕಾಗಿ ಕುಡಿದಳು. ಸಂಜೆಯೊಳಗೆ ಎದೆಯಲ್ಲಿ ಹಾಲು ಬಂತು. ಕೂಸು ಚೀಪುವ ಸದ್ದು ಕೇಳಿ ಅವನು ಗೊಳೋ ಎಂದು ಅತ್ತುಬಿಟ್ಟ. ಮಾರನೆಯ ದಿನ ಹಿಮ ನಿಂತಿತು, ಮೂವರೂ ಉಳಿದರು.

ಆದರೆ ತಾಯಿ ಮತ್ತೆಂದೂ ಅವನ ಕನಸಿಗೆ ಬರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ದುಃಖದ ಜೊತೆ ಸಿಟ್ಟೂ ಬಂತು. "ಇದೆಂಥ ಅನ್ಯಾಯ ಗುರುಗಳೇ! ಇದ್ದದ್ದನ್ನೆಲ್ಲ ಕೊಟ್ಟನಲ್ಲ, ಒಂದೇ ಒಂದು ಸಲ ಬಂದು ಹೋಗಬಾರದಿತ್ತೇ ಅವಳು?"

"ಎಲ್ಲರಿಗೂ ಬಡಿಸಿ ಮುಗಿಸಿದವಳನ್ನು ಇನ್ನಾದರೂ ಮಲಗಲು ಬಿಡಪ್ಪಾ," ಎಂದರು ಗುರುಗಳು.