ಮುಚ್ಚಳ ತೆಗೆಯದ ಸುಣ್ಣ

ಬೆಟ್ಟದ ಮೇಲೆ ಸುಣ್ಣ ಸುಡುವವರ ಮನೆಯೊಂದಿತ್ತು. ಬೇಸಿಗೆಯಲ್ಲಿ ಗೂಡಿನ ಬೆಂಕಿ ಕುಡಿದು ಬಂದ ಸುಣ್ಣದ ಹೆಂಟೆಯೊಂದು ಅಲ್ಲಿನ ಜಗಲಿಯಲ್ಲಿ, ಬಿಗಿಯಾಗಿ ಮುಚ್ಚಿದ ಮಡಕೆಯೊಳಗೆ ಕೂತಿತ್ತು.

ಅಂಗಳದ ಚಪ್ಪಡಿಕಲ್ಲು ಬಿಸಿಲಿಗೆ ಕಾದು ಕೆಂಡವಾಗಿತ್ತು. "ತಮ್ಮಾ, ನನ್ನ ಮೇಲೆ ಕಾಲಿಡಲು ಊರಿಗೇ ಭಯ. ನೀನೋ, ಮುಟ್ಟಿದರೆ ತಣ್ಣಗಿದ್ದೀಯ. ನಿನ್ನಲ್ಲಿ ಬೆಂಕಿ ಇರುವುದು ನಿಜವಾದರೆ ಮುಚ್ಚಳ ತೆಗೆದು ತೋರಿಸು," ಎಂದು ಸುಣ್ಣವನ್ನು ಕೆಣಕಿತು.

ಸುಣ್ಣಕ್ಕೆ ಮೈಯೆಲ್ಲ ಉರಿಯಿತು. ಆದರೆ ಗಾಳಿಯ ತೇವ ಸೋಕಿದರೆ ಕೂಡಿಟ್ಟ ಕಾವೆಲ್ಲ ಸುಮ್ಮನೆ ಸೋರಿಹೋಗುತ್ತದೆಂದು ಅದಕ್ಕೆ ಗೊತ್ತಿತ್ತು. "ಇದು ತೋರಿಸುವುದಕ್ಕೆ ಇಟ್ಟದ್ದಲ್ಲ, ಅಣ್ಣಾ," ಎಂದಿತು. ಮಳೆಗಾಲವಿಡೀ ಕಲ್ಲು ಅದನ್ನೇ ಎತ್ತಿ ಚುಚ್ಚಿತು. ಸುಣ್ಣ ಜಗ್ಗಲಿಲ್ಲ.

ಮಾಗಿಯ ಒಂದು ಬೆಳಗ್ಗೆ ಬೆಕ್ಕು ತನ್ನ ಮೂರು ಮರಿಗಳನ್ನು ಕಚ್ಚಿ ತಂದಿತು. ಅವು ಚಳಿಗೆ ಸೆಟೆದುಕೊಳ್ಳುತ್ತಿದ್ದವು. ಬೇಸಿಗೆಯ ಬಿಸಿ ನೆನೆದು ಮೊದಲು ಚಪ್ಪಡಿಯ ಮೇಲಿಟ್ಟಿತು. ಕಲ್ಲು ಮಂಜಿನಂತೆ ಕೊರೆಯುತ್ತಿತ್ತು.

"ನನ್ನ ಬಿಸಿ ಆವತ್ತಿನದು ಆವತ್ತಿಗೇ ಮುಗಿಯುತ್ತದಮ್ಮಾ," ಎಂದು ಅದು ಗೊಣಗಿತು.

"ಬೆಕ್ಕಮ್ಮಾ, ಇಲ್ಲಿ ಬಾ!" ಎಂದು ಸುಣ್ಣ ಕೂಗಿತು. "ಮುಚ್ಚಳ ಕೆಡವು. ಪಕ್ಕದ ಕಟ್ಟೆಯ ಮೇಲಿನ ತಂಬಿಗೆ ಉರುಳಿಸಿ ನೀರನ್ನು ನನ್ನ ಮೇಲೆ ಚೆಲ್ಲು. ಮರಿಗಳನ್ನು ಮಡಕೆಯ ಹೊರಗೆ ಒರಗಿಸು."

"ನಿನ್ನ ಗತಿ?"

"ಪುಡಿಯಾಗುತ್ತೇನೆ. ಬೇಗ!"

ನೀರು ಬಿತ್ತು. ಬೇಸಿಗೆಯ ಬೆಂಕಿ ಭುಸ್ಸೆಂದು ಎದ್ದಿತು. ಮಡಕೆ ಬಿಸಿಯಾಯಿತು. ಮರಿಗಳು ಅದಕ್ಕೆ ಒತ್ತಿಕೊಂಡು ಮಿಸುಕಾಡತೊಡಗಿದವು.

"ಅಂತೂ ನಿನ್ನ ಕತೆ ಮುಗಿಯಿತಲ್ಲ, ತಮ್ಮಾ," ಎಂದಿತು ಕಲ್ಲು, ಈ ಸಲ ಮೆಲ್ಲಗೆ.

"ಮುಗಿಯುವುದೆಲ್ಲಿ ಬಂತು?" ಎಂದಿತು ಬಿಳಿ ಪುಡಿ. "ಬೇಸಿಗೆ ಬರಲಿ, ನನ್ನನ್ನು ಮತ್ತೆ ಗೂಡಿಗೆ ಹಾಕಲಿ, ಮತ್ತೆ ಬೆಂಕಿ ಕುಡಿದು ಬರುತ್ತೇನೆ. ಮುಂದಿನ ಮಾಗಿಗೂ ಮರಿಗಳು ಹುಟ್ಟುತ್ತವೆ."